ತಪ್ಪಿತಸ್ಥ ನೌಕರನ ವಜಾ: ವಿಚಾರಣೆ ಏಕೆ ಅವಶ್ಯಕ?

ಭತ್ತದ ಸುಗ್ಗಿಯಲ್ಲಿ ಪೋತ್ನಾಳ, ಮಾನ್ವಿ ಭಾಗದ ಅಕ್ಕಿ ಗಿರಣಿ ಒಂದು ದಿನ ನಿಂತರೂ ನಷ್ಟವೇ. ಅಂಥ ಸಮಯದಲ್ಲಿ ಹೇಳದೆ ಕೇಳದೆ ಹತ್ತು ದಿನ ಗೈರುಹಾಜರಾದ ಆಪರೇಟರನಿಗೆ ಮಾಲೀಕರು "ಇನ್ನು ಬರಬೇಡ" ಎನ್ನುವುದು ಸಹಜ. ಆದರೆ ಆ ಒಂದು ಮಾತು ದುಬಾರಿಯಾಗಬಲ್ಲದು.

ಬಾರದವನು ತಾನಾಗಿಯೇ ಕೆಲಸ ಬಿಟ್ಟಂತೆ ಎಂಬ ನಂಬಿಕೆ ವರ್ತಕರಲ್ಲಿ ಬಲವಾಗಿದೆ. ಕಾನೂನು ಹಾಗೆ ಭಾವಿಸುವುದಿಲ್ಲ. ಜೆ.ಎಂ.ಎ. ಇಂಡಸ್ಟ್ರೀಸ್ ಪ್ರಕರಣದಲ್ಲಿ, ಎಂಟು ದಿನಗಳಿಗಿಂತ ಹೆಚ್ಚು ಗೈರುಹಾಜರಾದರೆ ಕೆಲಸದ ಹಕ್ಕು ಹೋಗುವುದೆಂದು ಕಂಪನಿಯ ಸ್ಥಾಯೀ ಆದೇಶದಲ್ಲಿಯೇ ಇತ್ತು. ಕಾರ್ಮಿಕನಾದರೋ, ತನ್ನನ್ನು ಗೇಟಿನಲ್ಲಿಯೇ ತಡೆಯಲಾಯಿತೆಂದು ವಾದಿಸಿದನು. ವಿಚಾರಣೆ ನಡೆಸದೆ ತೆಗೆದುಹಾಕಿದ್ದು ಸಹಜ ನ್ಯಾಯಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು 1993ರಲ್ಲಿ ತೀರ್ಪಿತ್ತು, ಅರ್ಧ ಹಿಂಬಾಕಿ ವೇತನದೊಡನೆ ಅವನನ್ನು ಮರಳಿ ತೆಗೆದುಕೊಳ್ಳುವಂತೆ ಆದೇಶಿಸಿತು. ಅವನನ್ನು ಕೆಲಸದಿಂದ ತೆಗೆದದ್ದು 1980ರಲ್ಲಿ. ಬಾಕಿಯ ಮೊತ್ತವನ್ನು ಓದುಗರೇ ಊಹಿಸಬಹುದು.

ಅಂಗಡಿಗಳಿಗೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ 39ನೆಯ ಪ್ರಕರಣ ಅನ್ವಯಿಸುತ್ತದೆ. ಆರು ತಿಂಗಳು ಸತತ ಸೇವೆ ಮಾಡಿದ ಗುಮಾಸ್ತನನ್ನು ತೆಗೆಯಲು ನ್ಯಾಯಯುತ ಕಾರಣವೂ ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ವೇತನವೂ ಬೇಕು. ದುರ್ನಡತೆಯು ವಿಚಾರಣೆಯಲ್ಲಿ ದಾಖಲಾದ ಸಾಕ್ಷ್ಯದಿಂದ ರುಜುವಾತಾದರೆ ಮಾತ್ರ ನೋಟಿಸು ಬೇಕಿಲ್ಲ. ಗಿರಣಿ ಕಾರ್ಮಿಕರಿಗೆ 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆ ಅನ್ವಯಿಸುತ್ತದೆ. ಅಲ್ಲಿಯೂ ವಜಾ ಆದೇಶವನ್ನು ರದ್ದುಪಡಿಸುವ ಅಧಿಕಾರ ನ್ಯಾಯಾಧಿಕರಣಕ್ಕಿದೆ.

ನೆದರ್‌ಲೆಂಡ್ಸ್‌ನಲ್ಲಿ ನೌಕರನ ತಪ್ಪಿಗಾಗಿ ಒಪ್ಪಂದ ಮುಗಿಸಬೇಕಾದರೆ, ತುರ್ತು ಕಾರಣದ ತಕ್ಷಣದ ವಜಾ ಹೊರತು, ಸಾಮಾನ್ಯವಾಗಿ ಮಾಲೀಕನು ಮೊದಲೇ ನ್ಯಾಯಾಧೀಶರನ್ನು ಕೇಳಬೇಕು. ನಮ್ಮ ಸಣ್ಣ ಉದ್ಯಮಿಗೆ ಆ ಕಟ್ಟುಪಾಡಿಲ್ಲ. ತಾನೇ ವಿಚಾರಿಸಿ ತೀರ್ಮಾನಿಸಬಹುದು. ಆದ್ದರಿಂದಲೇ ಅವನ ಕಾಗದಪತ್ರಗಳು ಅನಂತರ ಪರೀಕ್ಷೆಗೆ ಒಳಗಾಗುತ್ತವೆ.

ಆರೋಪವನ್ನು ದಿನಾಂಕಸಹಿತ, ನೌಕರನಿಗೆ ತಿಳಿಯುವ ಕನ್ನಡದಲ್ಲಿ ಬರೆದು ಕೊಡಬೇಕು. ಊರಿಗೆ ಹೋಗಿದ್ದರೆ ಮನೆಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಕಾಯ್ದಿಡಬೇಕು. ಉತ್ತರಕ್ಕೆ ಸಮಯ ಕೊಡಬೇಕು. ದೂರು ಕೊಟ್ಟ ಮಾಲೀಕರೇ ವಿಚಾರಣಾಧಿಕಾರಿಯಾಗಬಾರದು. ಹೊರಗಿನ ವಕೀಲರೊಬ್ಬರನ್ನು ನೇಮಿಸುವುದು ಲೇಸು. ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ನೌಕರನಿಗೆ ಅವಕಾಶವಿರಬೇಕು, ಹೇಳಿಕೆಗಳಿಗೆ ಸಹಿ ಪಡೆಯಬೇಕು.

ವಿಚಾರಣೆ ನಡೆಸದಿದ್ದರೂ ಆರೋಪವನ್ನು ನ್ಯಾಯಾಧಿಕರಣದ ಮುಂದೆ ರುಜುವಾತುಪಡಿಸಲು ಅವಕಾಶ ಕೇಳಬಹುದು. ಆದರೆ ಅಷ್ಟರಲ್ಲಿ, ಕಣ್ಣಾರೆ ಕಂಡ ಹಮಾಲನು ಕೆಲಸ ಹುಡುಕಿಕೊಂಡು ಬೆಂಗಳೂರು ಸೇರಿರುತ್ತಾನೆ.