ಗಿಟಾರ್ ಸೆಟಪ್: ಹಾಸ್ಟೆಲ್ ರೂಮಿನಲ್ಲಿ ನಾವು ಕಲಿತದ್ದು

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ವಿಂಗ್‌ನ ಫಸ್ಟ್ ಇಯರ್ ಹುಡುಗನೊಬ್ಬ ಗಿಟಾರ್ ಹಿಡಿದುಕೊಂಡು ರೂಮಿಗೆ ಬಂದ. "ಅಣ್ಣಾ, ಇದನ್ನ ಯಾರಾದ್ರೂ ತಗೋತಾರಾ ಕೇಳಿ. ಎಂಟು ತಿಂಗಳಾಯ್ತು, ಎಫ್ ಕಾರ್ಡ್ ಬರ್ತಾನೇ ಇಲ್ಲ. ನನ್ ಕೈಲಿ ಇದು ಆಗಲ್ಲ" ಅಂದ. ಬೆರಳ ತುದಿ ನೋಡಿದರೆ ದಪ್ಪಗೆ ಗಟ್ಟಿಯಾಗಿ ಹೋಗಿತ್ತು. ಪಾಪ, ಅಭ್ಯಾಸ ಮಾಡಿಲ್ಲ ಅನ್ನುವ ಹಾಗಿರಲಿಲ್ಲ.

ನಾವು ಆ ಗಿಟಾರನ್ನು ನುಡಿಸಿ ನೋಡಿದೆವು. ನಮ್ಮ ಕೈಲೂ ಎಫ್ ಬರಲಿಲ್ಲ! ವರ್ಕ್‌ಶಾಪಿನ ಸ್ಟೀಲ್ ಸ್ಕೇಲ್ ಹಿಡಿದು ನೋಡಿದರೆ 12ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ 3.5 ಮಿ.ಮೀ. ಎತ್ತರದಲ್ಲಿತ್ತು. ಸಾಮಾನ್ಯ ಅಕೂಸ್ಟಿಕ್ ಗಿಟಾರಿಗೆ ಅಲ್ಲಿ 2.5 ಮಿ.ಮೀ. ಆಸುಪಾಸು ಇದ್ದರೆ ಸಾಕು. ಎಂಟು ತಿಂಗಳು ಆತ ಬೈದುಕೊಂಡದ್ದು ತನ್ನ ಬೆರಳುಗಳನ್ನು. ತಪ್ಪು ಇದ್ದದ್ದು ಮರ ಮತ್ತು ತಂತಿಯ ನಡುವಿನ ಒಂದು ಮಿಲಿಮೀಟರಿನಲ್ಲಿ.

ಅವತ್ತಿನಿಂದ ನಾವು ನಾಲ್ಕೈದು ಜನ ಸೇರಿ ಸೆಟಪ್ ಕಲಿಯೋಕೆ ಶುರು ಮಾಡಿದೆವು. ಕಲಿತದ್ದನ್ನು, ಕೆಡಿಸಿಕೊಂಡದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಸ್ವಲ್ಪ ಥಿಯರಿ

ವೀಣೆಯ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿರುತ್ತಾರೆ. ಸ್ವರ ಸರಿಯಿಲ್ಲ ಅಂದರೆ ಮೇಣ ಬಿಸಿ ಮಾಡಿ ಮೆಟ್ಟಿಲನ್ನೇ ಸರಿಸಬಹುದು. ಗಿಟಾರಿನಲ್ಲಿ ಆ ಭಾಗ್ಯ ಇಲ್ಲ. ಫ್ರೆಟ್‌ಗಳು ಮರದೊಳಗೆ ಬಿಗಿಯಾಗಿ ಕೂತಿರುತ್ತವೆ. ಒಂದೊಂದು ಫ್ರೆಟ್ಟಿಗೂ ಕಂಪನಾಂಕ 2ರ ಹನ್ನೆರಡನೇ ಮೂಲದಷ್ಟು, ಅಂದರೆ ಸುಮಾರು 1.0595 ಪಟ್ಟು ಏರುವಂತೆ ಅವುಗಳ ಜಾಗ ನಿಗದಿಯಾಗಿರುತ್ತದೆ. ಹನ್ನೆರಡು ಫ್ರೆಟ್ ದಾಟಿದರೆ ಸರಿಯಾಗಿ ಎರಡು ಪಟ್ಟು. ಅದಕ್ಕೇ 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುತ್ತದೆ. ಫ್ರೆಟ್ ಅಲುಗಾಡಿಸುವಂತಿಲ್ಲವಾದ್ದರಿಂದ ನಮ್ಮ ಕೈಗೆ ಉಳಿಯುವುದು ಮೂರು ಜಾಗ: ಕತ್ತಿನ ಬಾಗು, ಮೇಲಿನ ನಟ್, ಕೆಳಗಿನ ಸ್ಯಾಡಲ್.

ತಂತಿ ಎತ್ತರ ಇದ್ದರೆ ಬೆರಳು ನೋಯುವುದಷ್ಟೇ ಅಲ್ಲ, ಶ್ರುತಿಯೂ ಕೆಡುತ್ತದೆ. ಹೆಚ್ಚು ಕೆಳಕ್ಕೆ ಒತ್ತಿದಷ್ಟೂ ತಂತಿ ಹಿಗ್ಗುತ್ತದೆ, ಸೆಳೆತ ಏರುತ್ತದೆ, ಸ್ವರವೂ ಮೇಲೇರುತ್ತದೆ. ಟ್ಯೂನರಿನಲ್ಲಿ ಖಾಲಿ ತಂತಿ ಪಕ್ಕಾ ಇದ್ದರೂ ಕಾರ್ಡ್ ಹಿಡಿದಾಗ ಅಪಸ್ವರ ಕೇಳಿಸೋದು ಇದರಿಂದಲೇ.

ಕ್ರಮ ತಪ್ಪಬೇಡಿ

ಹೊಸ ತಂತಿ, ಶ್ರುತಿ, ಕತ್ತಿನ ಬಾಗು, ನಟ್, ಸ್ಯಾಡಲ್, ಕೊನೆಗೆ ಇಂಟೊನೇಶನ್. ಇದೇ ಕ್ರಮ. ಮೊದಲಿನದು ಬದಲಾದರೆ ನಂತರದ್ದೆಲ್ಲ ಬದಲಾಗುತ್ತದೆ. ಬಾಗು ಸರಿಮಾಡದೆ ಸ್ಯಾಡಲ್ ಉಜ್ಜಿದರೆ ಎರಡೂ ಕೆಡುತ್ತವೆ.

ತಂತಿಗಳನ್ನು ಒಂದೊಂದಾಗಿ ಬದಲಿಸಿ, ನೀವು ಯಾವ ಶ್ರುತಿಯಲ್ಲಿ ನುಡಿಸುತ್ತೀರೋ ಅದೇ ಶ್ರುತಿಗೆ ತನ್ನಿ. ಎಲ್ಲ ಅಳತೆಯೂ ಈ ಸ್ಥಿತಿಯಲ್ಲೇ ಆಗಬೇಕು.

ಕತ್ತು ಒಂದು ಬೀಮ್

ಅಕೂಸ್ಟಿಕ್ ಗಿಟಾರಿನ ಆರು ತಂತಿಗಳ ಒಟ್ಟು ಸೆಳೆತ ಸುಮಾರು 70 ಕೆ.ಜಿ. ತೂಕದಷ್ಟು. ಒಬ್ಬ ಮನುಷ್ಯ ಹಗಲೂ ರಾತ್ರಿ ನೇತಾಡಿದ ಹಾಗೆ. ಕತ್ತು ಮುಂದಕ್ಕೆ ಬಾಗದೆ ಇನ್ನೇನು? ಅದನ್ನು ಎದುರಿಸಲು ಮರದೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇದೆ. ಪ್ರಿಸ್ಟ್ರೆಸ್ಡ್ ಕಾಂಕ್ರೀಟ್ ಓದಿರುವ ಸಿವಿಲ್ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಗು ಅಳೆಯುವುದು ಸುಲಭ. ದಪ್ಪ ತಂತಿಯನ್ನು 1ನೇ ಫ್ರೆಟ್ಟಿನಲ್ಲೂ, ಕತ್ತು ಒಡಲಿಗೆ ಸೇರುವ 14ನೇ ಫ್ರೆಟ್ಟಿನಲ್ಲೂ ಒತ್ತಿ ಹಿಡಿಯಿರಿ. ತಂತಿಯೇ ನೇರ ಪಟ್ಟಿಯಾಗುತ್ತದೆ. ಈಗ 7ನೇ ಫ್ರೆಟ್ಟಿನ ಮೇಲಿನ ಸಂದಿಗೆ ಫೀಲರ್ ಗೇಜ್ ತೂರಿಸಿ. 0.2ರಿಂದ 0.3 ಮಿ.ಮೀ. ಇದ್ದರೆ ಚೆನ್ನ. ನಮ್ಮ ಹುಡುಗನ ಗಿಟಾರಿನಲ್ಲಿ 0.6 ಇತ್ತು.

ಸರಿಯಾದ ಅಳತೆಯ ಅಲೆನ್ ಕೀ ಹಾಕಿ ಬಲಕ್ಕೆ ತಿರುಗಿಸಿದರೆ ಕತ್ತು ನೇರವಾಗುತ್ತದೆ, ಸಂದಿ ಕಡಿಮೆಯಾಗುತ್ತದೆ. ಎಡಕ್ಕೆ ತಿರುಗಿಸಿದರೆ ಸಂದಿ ಹೆಚ್ಚುತ್ತದೆ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಮಾಡಿ, ಅಳೆದು, ಬೇಕಿದ್ದರೆ ಇನ್ನೊಂದು ಕಾಲು ಸುತ್ತು. ಕೀ ಗಟ್ಟಿಯಾಗಿ ನಿಂತುಬಿಟ್ಟರೆ ಅಲ್ಲಿಗೇ ಬಿಡಿ. ಅಲ್ಲಿ ಜೋರು ತೋರಿಸಿದವರು ಆಮೇಲೆ ರಿಪೇರಿಯವರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ.

ನಟ್: ನೋಡಿ, ಮುಟ್ಟಬೇಡಿ

3ನೇ ಫ್ರೆಟ್ಟಿನ ಹತ್ತಿರ ತಂತಿ ಒತ್ತಿ, 1ನೇ ಫ್ರೆಟ್ಟಿನ ಮೇಲೆ ನೋಡಿ. ಕೂದಲೆಳೆಯಷ್ಟು ಸಂದಿ ಕಾಣಬೇಕು. ಅದಕ್ಕಿಂತ ತುಂಬಾ ಹೆಚ್ಚಿದ್ದರೆ ನಟ್ಟಿನ ಗಾಡಿ ಆಳವಾಗಬೇಕು. ಎಫ್ ಕಾರ್ಡ್ ಕಾಟ ಕೊಡುವುದರಲ್ಲಿ ಇದರ ಪಾಲೂ ದೊಡ್ಡದು. ಆದರೆ ಇದಕ್ಕೆ ತಂತಿಯ ದಪ್ಪಕ್ಕೆ ತಕ್ಕ ಸಣ್ಣ ಅರಗಳು ಬೇಕು, ಮತ್ತು ಒಮ್ಮೆ ಹೆಚ್ಚು ಉಜ್ಜಿದರೆ ಖಾಲಿ ತಂತಿ ಜರ್ ಅನ್ನುತ್ತದೆ. ಹೊಸಬರು ಇದನ್ನು ತಿಳಿದವರಿಗೆ ಬಿಡುವುದೇ ವಾಸಿ. ಬಿರಡೆ ತಿರುಗಿಸುವಾಗ 'ಟಿಕ್' ಅಂತ ಸದ್ದು ಬಂದು ಶ್ರುತಿ ಹಾರುತ್ತಿದ್ದರೆ, ಗಾಡಿಗೆ ಪೆನ್ಸಿಲ್ ಸೀಸ ಸವರಿ. ಅಷ್ಟು ಸಾಕು.

ಸ್ಯಾಡಲ್: ನಾವು ಎಡವಿದ ಜಾಗ

ಬಾಗು ಸರಿಯಾದ ಮೇಲೆ 12ನೇ ಫ್ರೆಟ್ಟಿನಲ್ಲಿ ತಂತಿ 3.2 ಮಿ.ಮೀ.ಗೆ ಇಳಿದಿತ್ತು. 2.5 ಬೇಕು. ಇನ್ನು 0.7 ಇಳಿಯಬೇಕು. ಹಾಗಾದರೆ ಸ್ಯಾಡಲ್ ಎಷ್ಟು ಉಜ್ಜಬೇಕು? 0.7 ಅಲ್ಲ, 1.4. 12ನೇ ಫ್ರೆಟ್ ನಟ್ಟಿಗೂ ಸ್ಯಾಡಲ್‌ಗೂ ನಡುವೆ ಇರುವುದರಿಂದ ಸ್ಯಾಡಲ್ ತುದಿ ಇಳಿದದ್ದರ ಅರ್ಧದಷ್ಟೇ ಅಲ್ಲಿ ಇಳಿಯುತ್ತದೆ. ಹೈಸ್ಕೂಲಿನ ಸಮರೂಪ ತ್ರಿಭುಜಗಳು ಕೊನೆಗೂ ಉಪಯೋಗಕ್ಕೆ ಬಂದವು!

ಲೆಕ್ಕ ಸರಿ ಮಾಡಿದೆವು, ಕೆಲಸ ಕೆಡಿಸಿದೆವು. ಗೆರೆ ಎಳೆಯದೆ, ಮಾತಾಡುತ್ತಾ, ಕಣ್ಣಳತೆಯಲ್ಲಿ ಸ್ಯಾಂಡ್ ಪೇಪರಿಗೆ ಉಜ್ಜಿದ್ದೇ ಉಜ್ಜಿದ್ದು. ಹಾಕಿ ನೋಡಿದರೆ 3 ಮಿ.ಮೀ. ಹತ್ತಿರ ಹೋಗಿತ್ತು, ದಪ್ಪ ತಂತಿಗಳೆಲ್ಲ ಜೇನ್ನೊಣದ ಹಾಗೆ ಗುಂಯ್ ಅಂದವು. ಹುಡುಗ ಏನೂ ಅನ್ನಲಿಲ್ಲ. ಅದೇ ನಮಗೆ ಹೆಚ್ಚು ಚುಚ್ಚಿತು. ನಾವೇ ದುಡ್ಡು ಹಾಕಿ ಹೊಸ ಸ್ಯಾಡಲ್ ತಂದೆವು.

ಎರಡನೇ ಸಲ ಹೀಗೆ ಮಾಡಿದೆವು: ತಂತಿ ಸಡಿಲಿಸಿ ಸ್ಯಾಡಲ್ ತೆಗೆದು, ಕೆಳಗಿನ ಅಂಚಿನಿಂದ 1.4 ಮಿ.ಮೀ.ಗೆ ಪೆನ್ಸಿಲ್ ಗೆರೆ. ಗಾಜಿನ ಮೇಲೆ ಸ್ಯಾಂಡ್ ಪೇಪರ್ ಅಂಟಿಸಿ, ಸ್ಯಾಡಲನ್ನು ನೆಟ್ಟಗೆ ಹಿಡಿದು, ಕೆಳಭಾಗವನ್ನಷ್ಟೇ ಉಜ್ಜುವುದು. ಗೆರೆಗಿಂತ ಸ್ವಲ್ಪ ಮೊದಲೇ ನಿಲ್ಲಿಸಿ, ಹಾಕಿ ಅಳೆಯುವುದು. ತಳ ಸಮತಟ್ಟಾಗಿರದಿದ್ದರೆ ನಾದ ಮಂಕಾಗುತ್ತದೆ. ಎಲೆಕ್ಟ್ರಿಕ್ ಗಿಟಾರಿನವರಿಗೆ ಈ ಗೋಳಿಲ್ಲ, ಸ್ಕ್ರೂ ತಿರುಗಿಸಿದರಾಯ್ತು.

ಇಂಟೊನೇಶನ್

12ನೇ ಫ್ರೆಟ್ಟಿನ ಮೇಲೆ ತಂತಿಯನ್ನು ಮೆಲ್ಲಗೆ ಮುಟ್ಟಿ ಹಾರ್ಮೋನಿಕ್ ನುಡಿಸಿ. ಆಮೇಲೆ ಅಲ್ಲೇ ಒತ್ತಿ ನುಡಿಸಿ. ಟ್ಯೂನರಿನಲ್ಲಿ ಎರಡೂ ಒಂದೇ ಇರಬೇಕು. ಒತ್ತಿದ್ದು ಏರಿದ್ದರೆ ತಂತಿಯ ಉದ್ದ ಸಾಲದು, ಸ್ಯಾಡಲ್ ಹಿಂದಕ್ಕೆ ಹೋಗಬೇಕು. ಇಳಿದಿದ್ದರೆ ಮುಂದಕ್ಕೆ ಬರಬೇಕು. ಎಲೆಕ್ಟ್ರಿಕ್‌ನಲ್ಲಿ ತಂತಿಗೊಂದು ಸ್ಕ್ರೂ ಇರುತ್ತದೆ. ಅಕೂಸ್ಟಿಕ್‌ನಲ್ಲಿ ಸರಿಸುವ ಹಾಗಿಲ್ಲ, ಆದರೆ ಹೊಸ ತಂತಿ ಮತ್ತು ಸರಿಯಾದ ಎತ್ತರದಿಂದಲೇ ಎಷ್ಟೋ ಸಲ ಸಮಸ್ಯೆ ಬಗೆಹರಿಯುತ್ತದೆ.

ಜರ್ ಸದ್ದು ಎಲ್ಲಿಂದ?

ಖಾಲಿ ತಂತಿ ಮಾತ್ರ ಜರ್ ಅಂದರೆ ನಟ್ ನೋಡಿ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಾದರೆ ಕತ್ತಿನ ಬಾಗು ಸಾಲದು. ಮೇಲಿನ ಫ್ರೆಟ್‌ಗಳಲ್ಲಾದರೆ ಸ್ಯಾಡಲ್ ತಗ್ಗಾಗಿರಬಹುದು. ಒಂದೇ ಜಾಗದಲ್ಲಾದರೆ ಅದರ ಮುಂದಿನ ಫ್ರೆಟ್ ಎದ್ದಿರಬಹುದು. ಫ್ರೆಟ್ ತಟ್ಟುವುದು, ಬ್ರಿಡ್ಜ್ ಎದ್ದಿರುವುದು, ಮರ ಸೀಳಿರುವುದು ಇವೆಲ್ಲ ತಜ್ಞರ ಕೆಲಸ.

ಮಳೆ, ಬಿಸಿಲು, ಬೆವರು

ಗಿಟಾರಿಗೆ ಹಿತವಾದ ತೇವಾಂಶ 45ರಿಂದ 55 ಶೇಕಡ. ಮಂಗಳೂರಿನ ಮಳೆಗಾಲಕ್ಕೂ ಕಲಬುರಗಿಯ ಏಪ್ರಿಲ್‌ಗೂ ಇದು ಗೊತ್ತಿಲ್ಲ ನೋಡಿ! ಮಳೆಯಲ್ಲಿ ಮರ ನೀರುಂಡು ಉಬ್ಬುತ್ತದೆ, ತಂತಿ ಮೇಲೇಳುತ್ತದೆ. ಒಣ ಬೇಸಿಗೆಯಲ್ಲಿ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಕೈಗೆ ಚುಚ್ಚುತ್ತವೆ, ಕೆಲವೊಮ್ಮೆ ಬಿರುಕೂ ಬಿಡುತ್ತದೆ. ಊರಿಗೆ ಒಯ್ದು ತಂದ ಮೇಲೆ ಒಮ್ಮೆ ಅಳತೆ ನೋಡಿ. ಮಳೆಗಾಲದಲ್ಲಿ ಬ್ಯಾಗಿನೊಳಗೆ ಸಿಲಿಕಾ ಜೆಲ್ ಇಡಿ, ಬೇಸಿಗೆಯಲ್ಲಿ ತೆಗೆದುಬಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಬಿಡಲೇಬೇಡಿ, ಅಂಟು ಮೆತ್ತಗಾಗಿ ಬ್ರಿಡ್ಜ್ ಕಿತ್ತು ಬರಬಹುದು.

ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿ ಒರೆಸಿ. ಬೆವರಿಗೆ ತಂತಿ ತುಕ್ಕು ಹಿಡಿಯುತ್ತದೆ. ಫ್ರೆಟ್ ಬೋರ್ಡ್ ಬೀಟೆ ಮರದ್ದಾಗಿದ್ದರೆ ಅದಕ್ಕೆಂದೇ ಸಿಗುವ ಎಣ್ಣೆ ವರ್ಷಕ್ಕೆ ಒಂದೆರಡು ಸಲ, ಒಂದೆರಡು ಹನಿ ಸಾಕು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಬೇಡ, ಜಿಡ್ಡು ಕೂತು ಕಮಟು ವಾಸನೆ ಬರುತ್ತದೆ.

ಅಂದ ಹಾಗೆ, ಆ ಗಿಟಾರ್ ಮಾರಾಟವಾಗಲಿಲ್ಲ. ಹೊಸ ಸ್ಯಾಡಲ್ ಕೂರಿಸಿದ ರಾತ್ರಿ ಹುಡುಗ ಎಫ್ ಹಿಡಿದ, ಆರೂ ತಂತಿ ಮಾತಾಡಿದವು. ಎರಡು ಸಲ ನುಡಿಸಿ, "ಅಷ್ಟೇನಾ?" ಅಂದ. ಅಷ್ಟೇ! ಈಗ ನಮ್ಮಲ್ಲಿ ಫೀಲರ್ ಗೇಜ್ ಹಿಡಿದು ಮಿಕ್ಕವರ ಗಿಟಾರ್ ಅಳೆಯುವವನು ಅವನೇ. ನಿಮ್ಮ ಮಂಚದ ಕೆಳಗೂ ಧೂಳು ತಿನ್ನುತ್ತಿರುವ ಗಿಟಾರ್ ಇದ್ದರೆ, ನನ್ನ ಕೈಲಾಗಲ್ಲ ಅಂತ ತೀರ್ಮಾನಿಸುವ ಮುಂಚೆ 12ನೇ ಫ್ರೆಟ್ಟಿಗೆ ಒಮ್ಮೆ ಸ್ಕೇಲ್ ಹಿಡಿದು ನೋಡಿ.