ಸೈನ್ಯದ ಖರ್ಚಿಗೆ ಎರಡೇ ವರ್ಷದ ಗಡುವು

ಅಮೆರಿಕದಲ್ಲಿ ಸೈನ್ಯ ಅಧ್ಯಕ್ಷರ ಆಜ್ಞೆ ಪಾಲಿಸುತ್ತೆ. ಆದರೆ ಅದರ ಖರ್ಚಿಗೆ ಹಣ ಕೊಡೋದು ಯಾರು? ಜನ ಆರಿಸಿದ ಸಂಸತ್ತು, ಅಂದರೆ ಕಾಂಗ್ರೆಸ್.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಸಂವಿಧಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಭೂಸೇನೆಗೆ ಎರಡು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಹಣ ಮಂಜೂರು ಮಾಡುವಂತಿಲ್ಲ! ಕಾಂಗ್ರೆಸ್ಸಿನ ಪ್ರತಿನಿಧಿ ಸಭೆಗೆ ಚುನಾವಣೆಯೂ ಎರಡು ವರ್ಷಕ್ಕೊಮ್ಮೆ. ಅಂದರೆ ಸೈನ್ಯ ಸಾಕಬೇಕಾ ಅನ್ನೋ ಪ್ರಶ್ನೆ ಮತ್ತೆ ಮತ್ತೆ ಮತದಾರರ ಮುಂದೆ ಬರಲೇಬೇಕು.

ಯಾಕಿಷ್ಟು ಎಚ್ಚರ? ಶಾಂತಿಕಾಲದಲ್ಲೂ ಬ್ರಿಟಿಷ್ ದೊರೆ ಅಮೆರಿಕದ ವಸಾಹತುಗಳ ಶಾಸನಸಭೆಗಳ ಒಪ್ಪಿಗೆ ಕೇಳದೆ ಅಲ್ಲಿ ಸೈನ್ಯ ಇಟ್ಟಿದ್ದನ್ನು ಸಂವಿಧಾನ ಬರೆದವರು ಮರೆತಿರಲಿಲ್ಲ. 1776ರ ಸ್ವಾತಂತ್ರ್ಯ ಘೋಷಣೆಯಲ್ಲೇ ಆ ದೂರಿದೆ.

ನೋವಿನ ಸಂಗತಿ ಅಂದರೆ, ಆಗ ಗುಲಾಮರಿಗೆ ಮತದ ಹಕ್ಕಿರಲಿಲ್ಲ, ಬಹುಪಾಲು ಹೆಂಗಸರಿಗೂ ಇರಲಿಲ್ಲ. ಮತದಾರರ ಬಳಗ ಹಿಗ್ಗಿದ್ದು ನಿಧಾನವಾಗಿ, ದೊಡ್ಡ ಹೋರಾಟಗಳಿಂದ. ಆ ಎರಡು ವರ್ಷದ ಮಿತಿ ಮಾತ್ರ ಇವತ್ತಿಗೂ ಸಂವಿಧಾನದಲ್ಲಿದೆ.