ಆಸ್ಪತ್ರೆಯ ಬಾಗಿಲಲ್ಲಿ ಗಂಡು-ಹೆಣ್ಣೆಂಬ ಭೇದವೇಕೆ?

ದೇಹವನ್ನು ತುಚ್ಛವೆಂದು ಜರೆದ ಮತಗಳು ಲೋಕದಲ್ಲಿ ಹಲವು. ಆದರೆ ಹನ್ನೆರಡನೆಯ ಶತಮಾನದ ಶರಣರು ದೇಹವನ್ನು ಶಿವನ ಆಲಯವೆಂದು ಬಗೆದರು. ಅದರ ಮೇಲೆ ಇಷ್ಟಲಿಂಗವನ್ನು ಧರಿಸಿ, ಕಾಯಕದಿಂದ ಅದನ್ನು ಪಾವನಗೊಳಿಸಿದರು. ಆದ್ದರಿಂದಲೇ ರೋಗಿಯ ಸೇವೆಯು ನಮ್ಮ ಪರಂಪರೆಯಲ್ಲಿ ದಾಸೋಹದ ಅಂಗವಾಗಿದೆ. ಕಲ್ಯಾಣದ ಶರಣಸಮೂಹದಲ್ಲಿ ವೈದ್ಯಕಾಯಕದ ಸಂಗಣ್ಣನೂ ಒಬ್ಬನಾಗಿದ್ದನೆಂಬುದನ್ನು ಸದ್ಭಕ್ತರು ಬಲ್ಲರು. ಇಂಥ ಪರಂಪರೆಗೆ ಸೇರಿದ ನಾವು ಇಂದು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಗಂಡು ಅಥವಾ ಹೆಣ್ಣು ಎಂದು ಸಮಾಜವು ಹಾಕಿಟ್ಟ ಚೌಕಟ್ಟಿನಲ್ಲಿ ನಿಲ್ಲದ ಜೀವಕ್ಕೆ ಜ್ವರ ಬಂದರೆ, ಅದು ಯಾವ ಬಾಗಿಲಿಗೆ ಹೋಗಬೇಕು?

ತೃತೀಯಲಿಂಗಿಗಳು, ಮಂಗಳಮುಖಿಯರು, ಜೋಗಪ್ಪಂದಿರು, ಸಲಿಂಗಾಸಕ್ತರು ಮೊದಲಾದ ಹೆಸರುಗಳಿಂದ ಕರೆಯಲ್ಪಡುವ ಈ ಜನ ನಮಗೆ ಅಪರಿಚಿತರೇನಲ್ಲ. 'ಇದು ಬೆಂಗಳೂರು, ಮುಂಬಯಿಗಳ ವಿಷಯ. ಮಲೆಬೆನ್ನೂರಿನಂಥ ಊರಿಗೆ ಇದರ ಗೊಡವೆ ಏಕೆ?' ಎಂದು ಕೇಳುವವರುಂಟು. ಉಚ್ಚಂಗಿದುರ್ಗಕ್ಕೆ, ಹುಲಿಗಿಗೆ, ಸವದತ್ತಿಗೆ ನಡೆದುಹೋಗುವ ಜೋಗಪ್ಪಂದಿರನ್ನು ನಮ್ಮ ಅಜ್ಜ-ಅಜ್ಜಿಯರು ಕಂಡಿದ್ದಾರೆ. ಮೊರದ ತುಂಬ ಜೋಳ ನೀಡಿದ್ದಾರೆ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡೂ ಅಲ್ಲದೆ 'ಇತರ' ಎಂದು ಬರೆಸಿದವರು ದೇಶದಲ್ಲಿ ಸುಮಾರು 4.88 ಲಕ್ಷ. ಅಂಜಿಕೆಯಿಂದ ಬರೆಸದೆ ಉಳಿದವರು ಎಲ್ಲ ಊರುಗಳಲ್ಲೂ ಇದ್ದಾರೆ, ನಮ್ಮ ಮನೆಗಳಲ್ಲೂ ಇದ್ದಾರು.

ಅವರು ಆಸ್ಪತ್ರೆಗೆ ಬಂದಾಗ ಆಗುವುದೇನೆಂಬುದನ್ನು ವಿಚಾರಿಸೋಣ. ಮೊದಲ ತೊಡಕು ಚೀಟಿ ಬರೆಯುವ ಕಿಟಕಿಯಲ್ಲಿಯೇ. ಸೀರೆಯುಟ್ಟು ನಿಂತವರನ್ನು ದಾಖಲೆಯಲ್ಲಿರುವ ಗಂಡಸಿನ ಹೆಸರಿನಿಂದ ಗಟ್ಟಿಯಾಗಿ ಕೂಗಿದರೆ, ಸಾಲಿನಲ್ಲಿರುವವರೆಲ್ಲ ತಿರುಗಿ ನೋಡಿ ನಗುತ್ತಾರೆ. ಒಳರೋಗಿಯಾಗಿ ಸೇರಬೇಕಾದರೆ ಗಂಡಸರ ವಾರ್ಡೋ ಹೆಂಗಸರ ವಾರ್ಡೋ ಎಂಬ ಚರ್ಚೆ ಮುಗಿಯುವವರೆಗೆ ರೋಗಿ ಪಡಸಾಲೆಯಲ್ಲಿ ಕಾಯಬೇಕು. ಹೊಟ್ಟೆನೋವೆಂದು ಬಂದವರನ್ನೂ ಏಡ್ಸ್ ರೋಗಿಯೆಂದೇ ಶಂಕಿಸುವುದುಂಟು. ಒಮ್ಮೆ ಹೀಗೆ ಅವಮಾನಪಟ್ಟವರು ಮತ್ತೊಮ್ಮೆ ಆ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಷಯ ಮುಂತಾಗಿ ಮೊದಲಲ್ಲೇ ಹಿಡಿದರೆ ಹತೋಟಿಗೆ ಬರುವ ರೋಗಗಳು ಮನೆಯ ಮೂಲೆಯಲ್ಲಿ ಬೆಳೆದು, ಕೈಮೀರಿದ ಮೇಲೆ ಬೆಳಕಿಗೆ ಬರುತ್ತವೆ. ತಾನು ಯಾರೆಂಬುದನ್ನು ಹೊರಗೆ ತೋರದ ಸಲಿಂಗಾಸಕ್ತನ ಪಾಡು ಇನ್ನೊಂದು ಬಗೆಯದು. ವೈದ್ಯರು ಛೀಮಾರಿ ಹಾಕುವರೆಂಬ ಭಯದಿಂದ ಅವನು ಅರ್ಧ ಸತ್ಯವನ್ನಷ್ಟೇ ಹೇಳುತ್ತಾನೆ. ಅರ್ಧ ಸತ್ಯ ಕೇಳಿದ ವೈದ್ಯರ ಔಷಧವೂ ಅರ್ಧವೇ ಆದೀತು.

ಕೊನೆಭಾಗದ ಹೊಲ

ನಮ್ಮ ಸೀಮೆಯ ರೈತಬಂಧುಗಳಿಗೆ ಇದನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ. ಭದ್ರಾ ನಾಲೆಗೆ ನೀರು ಬಿಟ್ಟರೆಂದು ಪತ್ರಿಕೆಯಲ್ಲಿ ಓದುತ್ತೇವೆ. ಆದರೆ ಮಲೆಬೆನ್ನೂರು ಶಾಖಾ ನಾಲೆಯ ಕೊನೆಭಾಗದ ಗದ್ದೆಗೆ ಆ ನೀರು ತಲುಪುವುದೇ ಎಂದು ಕೇಳಿ ಎಷ್ಟೋ ಸಲ ರೈತರು ರಸ್ತೆಗಿಳಿದಿದ್ದಾರೆ. ಕೊನೆಯವನು ಅಚ್ಚುಕಟ್ಟಿನ ಲೆಕ್ಕದಲ್ಲಿ ಸೇರಿದ್ದಾನೆ, ಸರದಿಯ ಪಟ್ಟಿಯಲ್ಲಿಯೂ ಇದ್ದಾನೆ. ನೀರು ಮಾತ್ರ ಇಲ್ಲ. ಆರೋಗ್ಯದ ವಿಷಯದಲ್ಲಿ ಈ ಜನರ ಸ್ಥಿತಿಯೂ ಇದೇ.

ಏಕೆಂದರೆ ಮೇಲಿನಿಂದ ನೀರು ಬಿಟ್ಟದ್ದು ದಿಟ. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತೃತೀಯಲಿಂಗಿಗಳನ್ನು ಮಾನ್ಯ ಮಾಡಿ, ಆಸ್ಪತ್ರೆಗಳಲ್ಲಿ ಅವರಿಗೆ ತಕ್ಕ ವೈದ್ಯಸೇವೆ ಒದಗಿಸಬೇಕೆಂದು ಸರಕಾರಗಳಿಗೆ ಆದೇಶಿಸಿತು. ಲೈಂಗಿಕ ಒಲವಿನ ಕಾರಣದಿಂದ ಮಾನಸಿಕ ಚಿಕಿತ್ಸೆಯಲ್ಲಿ ಭೇದ ಮಾಡಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಸ್ಪಷ್ಟವಾಗಿ ನುಡಿಯಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯವು, ವಯಸ್ಕರ ಪರಸ್ಪರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. 2019ರ ತೃತೀಯಲಿಂಗಿಗಳ ಹಕ್ಕುಗಳ ಕಾಯ್ದೆಯ ಹದಿನೈದನೆಯ ವಿಧಿಯು ಚಿಕಿತ್ಸೆ, ಆಪ್ತಸಲಹೆ, ವಿಮೆ, ವೈದ್ಯರ ಪಠ್ಯಕ್ರಮದ ಪರಿಷ್ಕರಣೆ ಇವುಗಳನ್ನು ಸರಕಾರದ ಕರ್ತವ್ಯವೆಂದು ಬರೆಯಿತು. 2022ರ ಆಗಸ್ಟ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯಡಿ ಇವರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆರೋಗ್ಯ ರಕ್ಷಣೆ ನೀಡುವ ಒಪ್ಪಂದಕ್ಕೆ ದೆಹಲಿಯಲ್ಲಿ ಸಹಿಯಾಯಿತು.

ಆದರೂ ಎಳೆಯ ವಯಸ್ಸಿನಲ್ಲೇ ಮನೆಯಿಂದ ಹೊರದೂಡಲ್ಪಟ್ಟವರ ಕೈಯಲ್ಲಿ ಪಡಿತರ ಚೀಟಿ ಎಲ್ಲಿಂದ ಬರಬೇಕು? ದಾಖಲೆಯಿಲ್ಲದೆ ಕಾರ್ಡಿಲ್ಲ, ಕಾರ್ಡಿಲ್ಲದೆ ಚಿಕಿತ್ಸೆಯಿಲ್ಲ. ತೂಬನ್ನು ತೆರೆಯಬೇಕಾದ ಕೈಗಳು ದೆಹಲಿಯಲ್ಲಿಲ್ಲ. ತಾಲ್ಲೂಕು ಕಚೇರಿಯಲ್ಲಿವೆ, ಆಸ್ಪತ್ರೆಯ ಕಿಟಕಿಯಲ್ಲಿವೆ, ನಮ್ಮ ನಿಮ್ಮ ಮನೆಗಳಲ್ಲಿವೆ.

ಇದು ರೋಗವೇ, ದೋಷವೇ?

'ಇದೊಂದು ಮನೋರೋಗ, ಮದುವೆ ಮಾಡಿದರೆ ಸರಿಹೋಗುತ್ತದೆ' ಎಂಬ ಮಾತು ನಮ್ಮ ಹಿರಿಯರಲ್ಲಿ ಇಂದಿಗೂ ಇದೆ. ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1990ರ ಮೇ 17ರಂದು ಸಲಿಂಗಾಸಕ್ತಿಯನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. 2019ರಲ್ಲಿ ತೃತೀಯಲಿಂಗಿಗಳ ಸ್ಥಿತಿಯನ್ನು ಮನೋರೋಗಗಳ ಅಧ್ಯಾಯದಿಂದ ಹೊರಗಿಟ್ಟಿತು. ಇಂಥವರನ್ನು 'ಬದಲಾಯಿಸುವ' ಚಿಕಿತ್ಸೆಯನ್ನು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ವೃತ್ತಿದ್ರೋಹವೆಂದು ಸಾರಿತು. ಮದುವೆಯನ್ನು ಮದ್ದೆಂದು ಬಗೆದು ಮಾಡುವವರು ತಮ್ಮ ಮಗನ ಬಾಳಿನೊಡನೆ ಏನನ್ನೂ ಅರಿಯದ ಇನ್ನೊಬ್ಬರ ಮಗಳ ಬಾಳನ್ನೂ ಕೆಡಿಸುತ್ತಾರೆ.

ಇನ್ನು ಧರ್ಮದ ಮಾತು. ಜೇಡರ ದಾಸಿಮಯ್ಯನು ಮೊಲೆ-ಮುಡಿ, ಗಡ್ಡ-ಮೀಸೆಗಳ ಗುರುತು ಮೈಗೆ ಸಂಬಂಧಪಟ್ಟದ್ದೇ ಹೊರತು ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂದು ಬಸವಣ್ಣನವರಿಗೂ ಮೊದಲೇ ಕಂಡುಕೊಂಡವನು. ಈ ವಚನವನ್ನು ಪ್ರವಚನಗಳಲ್ಲಿ ಕೇಳಿ ತಲೆದೂಗುವ ನಾವು, ಆ ಮಾತಿನ ಜೀವಂತ ರೂಪ ಬಾಗಿಲಿಗೆ ಬಂದಾಗ ಮುಖ ತಿರುಗಿಸಬಹುದೇ? ಸ್ಥಾವರವನ್ನು ಪೂಜಿಸುವವರು ನಾವಲ್ಲ. ಆದರೂ ಹೊಯ್ಸಳರ ದಂಡನಾಯಕ ಪೊಲಾಳ್ವನು 1224ರಲ್ಲಿ ಹರಿಹರದಲ್ಲಿ ಕಟ್ಟಿಸಿದ ಗುಡಿಯೊಳಗೆ ಒಂದೇ ಮೈಯಲ್ಲಿ ಎರಡು ರೂಪಗಳು ಕೂಡಿ ನಿಂತಿರುವುದನ್ನು ನಮ್ಮ ಸೀಮೆಯ ಜನ ಎಂಟು ಶತಮಾನಗಳಿಂದ ಕಾಣುತ್ತ ಬಂದಿದ್ದಾರೆ. ಎರಡು ಕೂಡಿದ ಮೈಯನ್ನು ಶಿಲೆಯಲ್ಲಿ ಕಂಡು ಕೈಮುಗಿಯುವ ನಾಡು, ಮನುಷ್ಯನಲ್ಲಿ ಅದರ ನೆರಳು ಕಂಡರೆ ಬೆಚ್ಚಬೇಕಾಗಿಲ್ಲ.

ಬಳ್ಳಾರಿ ಸೀಮೆಯಲ್ಲಿ ಹುಟ್ಟಿ ಜೋಗತಿ ನೃತ್ಯವನ್ನು ಬಾಳಿಸಿದ ಮಂಜಮ್ಮ ಜೋಗತಿಯವರನ್ನು ಇಲ್ಲಿ ಸ್ಮರಿಸಬೇಕು. ಬದುಕೇ ಬೇಡವೆನಿಸಿ ಹಿಂದೊಮ್ಮೆ ವಿಷ ಸೇವಿಸಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಅಂದು ಉಳಿದ ಜೀವವೇ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪೀಠವನ್ನೇರಿತು, 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆಯಿತು. ಉಳಿಯದೆ ಹೋದವರ ಹೆಸರುಗಳು ಯಾವ ಪಟ್ಟಿಯಲ್ಲಿಯೂ ಇಲ್ಲ.

ನಮ್ಮ ಹೊಣೆ

ಸರಕಾರವನ್ನು ಮಾತ್ರ ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ದಾವಣಗೆರೆಯ ಬಾಪೂಜಿ ವಿದ್ಯಾಸಂಸ್ಥೆ, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ, ಮೈಸೂರಿನ ಜೆ.ಎಸ್.ಎಸ್. ಮಹಾವಿದ್ಯಾಪೀಠ, ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆ, ಕಲಬುರಗಿಯ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಮುಂತಾದವು ನಮ್ಮ ಮಠಗಳ ಆಶೀರ್ವಾದದಿಂದಲೂ ಸಮಾಜದ ಹಿರಿಯರ ದುಡಿಮೆಯಿಂದಲೂ ಬೆಳೆದು, ವೈದ್ಯಕೀಯ ಕಾಲೇಜುಗಳನ್ನೂ ಆಸ್ಪತ್ರೆಗಳನ್ನೂ ನಡೆಸುತ್ತಿವೆ. ನಾಡಿನ ಅಸಂಖ್ಯ ವೈದ್ಯರು, ದಾದಿಯರು ಇಲ್ಲಿಯೇ ಕಲಿತವರು. ಈ ಸಂಸ್ಥೆಗಳು ಮನಸ್ಸು ಮಾಡಿದರೆ ಒಂದು ತಲೆಮಾರಿನ ವೈದ್ಯರ ನಡೆಯೇ ಬೇರೆಯಾದೀತು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಬಂದವರನ್ನು ಅವರು ಬಯಸುವ ಹೆಸರಿನಿಂದಲೇ ಕರೆಯುವುದು, ಯಾವ ವಾರ್ಡಿನಲ್ಲಿ ನೆಮ್ಮದಿಯೆಂದು ಅವರನ್ನೇ ಕೇಳುವುದು, ಒಪ್ಪಿಗೆಯಿಲ್ಲದೆ ವಿದ್ಯಾರ್ಥಿಗಳ ಗುಂಪಿನೆದುರು ಪರೀಕ್ಷಿಸದಿರುವುದು, ಹೇಳಿದ ಗುಟ್ಟನ್ನು ಕಾಪಾಡುವುದು, ಚೀಟಿ ಬರೆಯುವವರಿಗೂ ಆಯಾಗಳಿಗೂ ಈ ತಿಳಿವಳಿಕೆ ನೀಡುವುದು - ಇಷ್ಟು ಸಾಕು. ಮಠಗಳ ಆರೋಗ್ಯ ಶಿಬಿರಗಳಿಗೆ ಇವರನ್ನು ಹೆಸರಿಟ್ಟು ಆಹ್ವಾನಿಸಬೇಕು. ಶ್ರಾವಣದ ಪ್ರವಚನಗಳಲ್ಲಿ ಪೂಜ್ಯರು ಈ ಮಾತನ್ನೆತ್ತಬೇಕು.

ಮನೆಗಳ ಹೊಣೆ ಇನ್ನೂ ದೊಡ್ಡದು. ಮಗನೋ ಮಗಳೋ ಅಂಜುತ್ತ ತನ್ನ ಅಂತರಂಗ ತೆರೆದಾಗ ತಾಯಿತಂದೆಗಳು ಕಿವಿಗೊಟ್ಟು ಕೇಳಬೇಕು. ಬೈಯುವುದು, ಬಡಿಯುವುದು, ಮಂತ್ರವಾದಿಯ ಬಳಿಗೆ ಒಯ್ಯುವುದು ಸಲ್ಲದು. ಮನಸ್ಸು ಕುಗ್ಗಿದ ಮಕ್ಕಳಿಗೆ 14416 ಸಂಖ್ಯೆಯ ಟೆಲಿ-ಮಾನಸ್ ದೂರವಾಣಿಯಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ಇದನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಬೇಕು. ಆಸ್ಪತ್ರೆಗೆ ಹೋಗಬೇಕಾದಾಗ ಹಿರಿಯರೊಬ್ಬರು ಜೊತೆಗೆ ಹೋಗಬೇಕು. ಸಾಲಿನಲ್ಲಿ ಯಾರಾದರೂ ನಕ್ಕರೆ 'ಇದು ನಮ್ಮ ಮನೆಯ ಮಗು' ಎಂದು ನುಡಿಯುವ ಒಂದು ಧ್ವನಿಯಿದ್ದರೆ, ಆ ನಗು ಅಲ್ಲಿಗೇ ನಿಲ್ಲುತ್ತದೆ. ಮನೆಯವರಿಲ್ಲದೆ ಬಂದ ಬೇರೆಯವರ ಮಗುವಿಗೂ ನಾವು ಅದೇ ಮಾತನ್ನಾಡಬಹುದು.

ಅನುಭವ ಮಂಟಪಕ್ಕೆ ಬಂದವರನ್ನು ಶರಣರು ಕುಲ ಕೇಳದೆ ಒಳಗೆ ಕರೆದುಕೊಂಡರೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆ ಅಭಿಮಾನ ಸಾರ್ಥಕವಾಗಬೇಕಾದರೆ, ನಮ್ಮ ಸಮಾಜದ ಹೆಸರಿನಲ್ಲಿ ನಡೆಯುವ ಆಸ್ಪತ್ರೆಗಳಾದರೂ ನೋವೆಂದು ಬಂದವರನ್ನು ನೋವೇನೆಂದೇ ಮೊದಲು ಕೇಳಲಿ. ಉಳಿದುದನ್ನು ರೋಗಿಯ ಮಾನಕ್ಕೆ ಕುಂದು ಬಾರದಂತೆ ಕೇಳಲಿ. ಬರುವ ಬಸವ ಜಯಂತಿಯ ಸಭೆಗಳಲ್ಲಿ ಈ ವಿಷಯ ಚರ್ಚೆಗೆ ಬರಲೆಂದು ಶರಣಬಂಧುಗಳಲ್ಲಿ ನಮ್ಮ ವಿನಂತಿ.